ಮೂಗಿನ ಅಳತಿ

ಗಾಂಧಿ ಚೌಕ ದಾಟಿ ಸ್ಟೇಷನ್ ಕಡೆ ಹೊಂಟ್ರ
ಎಡಕ್ಕ ಮೂರನೇ ಅಂಗಡಿ, ಚಷ್ಮಾದ್ದು.
ಹನ್ನೊಂದು ವರ್ಷ ಆತು, ವಿಜಯಪುರದ ಮಂದಿಯ
ಮೂಗು ಅಳೀತೀನಿ ನಾನು.

ಬಂದವರನ್ನ ಸ್ಟೂಲಿನ ಮ್ಯಾಲ ಕೂಡಿಸಿ
"ನನ್ನ ಎಡಗಿವಿ ನೋಡ್ರಿ" ಅಂತೀನಿ.
ಕಣ್ಣಗೊಂಬಿಯಿಂದ ಕಣ್ಣಗೊಂಬಿಗೆ ಅರವತ್ತೆರಡು,
ಮೂಗಿನ ಸೇತುವಿ ಹದಿನೆಂಟು.
ಕಡ್ಡಿಯ ಒಳಮೈಯಾಗ ಇರತೈತಿ ಆ ಹದಿನೆಂಟು.
ಯಾರೂ ಓದೂದಿಲ್ಲ.
ಓದಾಕ ಚಷ್ಮಾ ತಗೀಬೇಕು, ತಗದ್ರ ಕಾಣೂದಿಲ್ಲ.

ನಮ್ಮ ಮುತ್ಯಾ ಯಮನೂರಪ್ಪನ ಮೂಗು
ಉದ್ದ ನಲವತ್ತೆಂಟು, ಅಗಲ ನಲವತ್ತೊಂದು.
ಜ್ವಾಳದ ರೇಟು ಹೇಳಿದಂಗ ಹೇಳತಿದ್ದ ಅಂವ.
ಸೆಟ್ಲಮೆಂಟಿನ ತಂತಿಬೇಲಿಯೊಳಗ
ಬೇವಿನ ಗಿಡದ ಬುಡಕ್ಕ ಮೇಜು,
ಟೊಪಿಗಿ ಸಾಹೇಬ, ಪಕ್ಕಕ್ಕ ಮಸಿ ಕುಪ್ಪಿ ಹಿಡಿದ ಗುಮಾಸ್ತ.
ಬಿಸಲಿಗೆ ಕಾದಿದ್ದ ಉಕ್ಕಿನ ಇಕ್ಕಳ ಮೂಗಿನ ಮ್ಯಾಲ
"ನೊಣ ಕುಂತಂಗ ಆತು,
ಝಾಡಿಸಾಕ ಕೈ ಎತ್ತಿದ್ರ ಪೊಲೀಸ ಲಾಠಿ ಎತ್ತಿದ."
ಅಗಲಾನ ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿ
ಎಂಬತ್ತೈದು ಅಂದ ಗುಮಾಸ್ತ.
"ಪಾಸೋ, ನಪಾಸೋ?" ಅಂತ ಕೇಳಿದ್ನಂತ ಮುತ್ಯಾ.
ಯಾರೂ ನಗಲಿಲ್ಲ.

ಕಾಯ್ದೆಗೆ ಮೂಗು ಬೇಕಾಗಿರಲಿಲ್ಲ.
ಹುಟ್ಟಾ ಕಳ್ಳರು ಅಂತ ಮೊದಲ ಬರದಾಗಿತ್ತು,
ಜೋಳಿಗ್ಯಾಗ ಮಲಗಿದ ಕೂಸನ್ನೂ ಸೇರಿಸಿ.
ಮೂಗನ್ನ ಆಮ್ಯಾಲ ಸಾಕ್ಷಿಗೆ ಕರದ್ರು.
ರಕ್ತ ಅಂದ್ರು, ತಳಿ ಅಂದ್ರು,
ಎತ್ತಿನ ಹಲ್ಲು ಎಣಿಸುವ ಸಂತಿಯ ಮಾತು
ರಟ್ಟಿನ ಪುಸ್ತಕ ಹೊಕ್ಕು ಶಾಸ್ತ್ರ ಆತು.
ಡಿಪ್ಲೊಮಾ ಓದುವಾಗ ಲೈಬ್ರರಿಯೊಳಗ ನೋಡಿದೆ:
ಬ್ಯಾರೆ ದೇಶ, ಬ್ಯಾರೆ ಮೂಗು, ಅದ ಇಕ್ಕಳ.
ಅಲ್ಲಿ ಲೆಕ್ಕ ಮುಗದ ಮ್ಯಾಲ ರೈಲು ಬಂದುವು.
ಪುಸ್ತಕ ವಾಪಸ್ ಕೊಟ್ಟೆ. ಊಟ ಸೇರಲಿಲ್ಲ.

ಬೇಲಿ ಕಿತ್ತ ವರ್ಷ ನಮ್ಮ ಆಯಿ ಸತ್ಯವ್ವ
ಎರಡು ಮಾರು ತಂತಿ ತಂದು ಅಂಗಳದಾಗ ಕಟ್ಟಿದ್ಲು,
ಸೀರಿ ಒಣಗಿಸಾಕ.
ಒಂದೊಂದು ಸೀರಿಗೂ ತುಕ್ಕಿನ ಕೆಂಪು ಗೆರಿ.
ಮುತ್ಯಾ ರಾತ್ರಿ ಎಂಟಕ್ಕ ಹೊಸ್ತಿಲದಾಗ ನಿಂತು
"ಹಾಜರ್" ಅಂತಿದ್ದ, ಸಾಯೂತನಕ.
ಆಯಿ ಮೊಮ್ಮಕ್ಕಳಿಗೆ ಎರೆಯುವಾಗ
ಎಣ್ಣಿ ಹಚ್ಚಿ ಮೂಗು ಹಿಂಡಿ ಹಿಂಡಿ ಎತ್ತತಿದ್ಲು,
"ಸಾಹೇಬ ತಿರುಗಿ ಬಂದ್ರ?"

ನನ್ನ ಮಗಳು ಹುಟ್ಟಿದಾಗ
ನರ್ಸ್ ಅರಿವಿ ಸರಿಸಿದ ಕೂಡಲೇ
ನಾ ಮೊದಲ ನೋಡಿದ್ದು ಕಣ್ಣಲ್ಲ.
ಇದನ್ನ ಯಾರಿಗೂ ಹೇಳಿಲ್ಲ.

ನಿನ್ನೆ ಒಬ್ಬರು ಬಂದಿದ್ರು,
ಸಿಂದಗಿ ಕಡೆಯ ಹೈಸ್ಕೂಲ ಮಾಸ್ತರು, ಜೋಡಿಗೆ ಮಗಳು.
"ಐತವಾರ ಗಂಡಿನವರು ಬರತಾರ.
ಮೂಗು ಚಪ್ಪಟ, ಅವರವ್ವನ ಕಡೆಯಿಂದ ಬಂದದ್ದು.
ಮುಚ್ಚುವಂಥಾದ್ದು ದಪ್ಪ ಫ್ರೇಮ್ ಕೊಡ್ರಿ.
ಅವರದು ಕುಲೀನ ಮನೆತನ, ನಾಳೆ ಮಕ್ಕಳು
ಚಂದ ಹುಟ್ಟಬೇಕು ಅಂತಾರ, ತಪ್ಪೇನೈತಿ?"
ಮಾತಿಗೆ ಮಾತು ಬಂದು
"ನಿಮ್ಮ ಅಡ್ಡಹೆಸರು ಏನ್ರಿ?"

ಹೇಳಿದೆ.
ಅವರ ಕೈ ಕೌಂಟರಿನ ಮ್ಯಾಲಿದ್ದ
ಪಾಕೀಟಿನ ಮ್ಯಾಲ ಹೋಗಿ ಕುಂತಿತು.
ತಾನೇ ಹೋತು. ಅವರಿಗೂ ಗೊತ್ತಾಗಲಿಲ್ಲ.

ಹುಡುಗಿ ಸ್ಟೂಲಿನ ಮ್ಯಾಲ ಕುಂತಿದ್ಲು.
ಅಪ್ಪ ಆರಿಸಿದ ದಪ್ಪಂದು ಬಿಟ್ಟು
ಸಪೂರ ತಂತಿಯ ಫ್ರೇಮ್ ತಾನೇ ತಗೊಂಡ್ಲು.
ಮೂಗಿನ ಮ್ಯಾಲ ಒಂದೀಟು ಬಿಗಿ.
ನಾ ಡ್ರಾವರಿನಿಂದ ಸಣ್ಣ ಇಕ್ಕಳ ತಗದೆ.
ಬಗ್ಗಿಸಿದ್ದು ತಂತಿ.
"ಈಗ?"
"ಈಗ ಸರಿ ಆತು" ಅಂದ್ಲು,
ಕನ್ನಡಿಯೊಳಗ ನನ್ನನ್ನೂ ನೋಡಿ,
"ಅಕ್ಕಾ, ನಿಮ್ಮ ಮೂಗೂ ನನ್ನಂಗ ಐತಿ."
ಮಾಸ್ತರು ಗ್ವಾಡಿಯ ಕ್ಯಾಲೆಂಡರು ನೋಡಿದ್ರು.

ಅಳತಿ ಪುಸ್ತಕದಾಗ ಹೆಸರು ಬರದೆ,
ಹೆಸರಿನ ಮುಂದ ಹದಿನೆಂಟು.
ಅದರ ಮುಂದ ಬರಿಯೂದು ಏನೂ ಇರಲಿಲ್ಲ,
ಗೆರಿ ಎಳದೆ.
"ಮುಂಗಡ ಮುನ್ನೂರು ಕೊಡ್ರಿ.
ಶನಿವಾರ ಸಂಜೀಕ ಒಯ್ರಿ, ಐತವಾರ ಅಂಗಡಿ ಬಂದ್."